ಸಣ್ಣ ಆಹಾರ ಘಟಕಗಳಿಗೆ ಹಲಾಲ್ ಪ್ರಮಾಣಪತ್ರ: ಬೆಲ್ಲ, ಒಣದ್ರಾಕ್ಷಿ ಮತ್ತು ಮಸಾಲೆ ತಯಾರಕರು ಅರಿಯಬೇಕಾದ ಅಂಶಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕಬ್ಬಿನ ಸೀಮೆಯೆಂದೇ ಹೆಸರಾಗಿವೆ. ವೇದಗಂಗಾ ಮತ್ತು ದೂಧಗಂಗಾ ದಂಡೆಯ ಅಕ್ಕೋಳ, ಸಿದ್ನಾಳ, ಭೋಜ, ಕಾರದಗಾ ಮೊದಲಾದ ಗ್ರಾಮಗಳ ಸುತ್ತ ಕಬ್ಬು, ಅಥಣಿ ತಾಲ್ಲೂಕಿನ ಐಗಳಿ ಮತ್ತು ತೆಲಸಂಗ ಭಾಗದಲ್ಲಿ ದ್ರಾಕ್ಷಿ, ಉಳಿದೆಡೆ ಅರಿಶಿನ, ಮೆಣಸಿನಕಾಯಿ, ಸೋಯಾ ಅವರೆ ಬೆಳೆಯುತ್ತವೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಕಾರ್ಯಕ್ರಮದಲ್ಲಿ ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನು ಆಯ್ಕೆ ಮಾಡಲಾಗಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯ ನೆರವಿನಿಂದ ಬೆಲ್ಲದ ಪುಡಿ, ಬೆಲ್ಲದ ಗಟ್ಟಿ, ಜೋನಿ ಬೆಲ್ಲ, ಚಟ್ನಿಪುಡಿ, ಮಸಾಲೆ ಪುಡಿ ತಯಾರಿಸುವ ಸಣ್ಣ ಘಟಕಗಳಿಗೂ ಆಧುನಿಕ ಯಂತ್ರಗಳನ್ನು ಹೊಂದಲು ಅವಕಾಶ ದೊರೆತಿದೆ.

ಇಂತಹ ಘಟಕವೊಂದು ಊರ ಸಂತೆ ಮತ್ತು ಕೊಲ್ಲಾಪುರದ ಪೇಟೆಯನ್ನು ದಾಟಿ ಕೊಲ್ಲಿ ರಾಷ್ಟ್ರಗಳ, ಮಲೇಷ್ಯಾದ ಅಥವಾ ಇಂಡೋನೇಷ್ಯಾದ ಖರೀದಿದಾರರೊಡನೆ ಮಾತಿಗೆ ಕುಳಿತಾಗ ಎದುರಾಗುವ ಪ್ರಶ್ನೆಗಳಲ್ಲಿ ‘ಹಲಾಲ್ ಪ್ರಮಾಣಪತ್ರ ಇದೆಯೇ?’ ಎಂಬುದೂ ಒಂದು. ಇದಕ್ಕೆ ಎರಡು ಬಗೆಯ ತಪ್ಪು ಪ್ರತಿಕ್ರಿಯೆಗಳು ಬರುತ್ತವೆ. ‘ಬೆಲ್ಲ ಕಬ್ಬಿನಿಂದ ಆದದ್ದು, ಅದಕ್ಕೇಕೆ ಹಲಾಲ್’ ಎಂದು ಪ್ರಶ್ನೆಯನ್ನೇ ತಳ್ಳಿಹಾಕುವುದು ಮೊದಲನೆಯದು. ಕೈಗೆ ಸಿಕ್ಕ ಸಂಸ್ಥೆಗೆ ಹಣ ಕಟ್ಟಿ ಕಾಗದವೊಂದನ್ನು ಪಡೆದು ನಿಶ್ಚಿಂತರಾಗುವುದು ಎರಡನೆಯದು. ಮೊದಲನೆಯದರಿಂದ ಮಾರುಕಟ್ಟೆ ತಪ್ಪುತ್ತದೆ. ಎರಡನೆಯದರಿಂದ ಹಣವೂ ಹೋಗಿ, ಸರಕು ಬಂದರಿನಲ್ಲಿ ನಿಲ್ಲುವ ಅಪಾಯವಿದೆ. ಸಣ್ಣ ಉದ್ಯಮಿಗೆ ಎರಡನೆಯ ಪೆಟ್ಟೇ ದೊಡ್ಡದು.

ಹಲಾಲ್ ಎಂಬುದರ ಅರ್ಥ

ಹಲಾಲ್ ಎಂಬುದು ‘ಅನುಮತಿಸಲ್ಪಟ್ಟದ್ದು’ ಎಂಬ ಅರ್ಥದ ಅರಬ್ಬಿ ಪದ. ನಿಷಿದ್ಧವಾದುದು ಹರಾಮ್. ಹಂದಿ ಮತ್ತು ಅದರ ಯಾವುದೇ ಅಂಶ, ರಕ್ತ, ತಾನಾಗಿ ಸತ್ತ ಪ್ರಾಣಿಯ ಮಾಂಸ, ಇಸ್ಲಾಂ ಧರ್ಮದ ವಿಧಿಯಂತೆ ವಧೆಯಾಗದ ಪ್ರಾಣಿಯ ಮಾಂಸ ಮತ್ತು ಕೊಬ್ಬು, ಮದ್ಯ ಇವು ಹರಾಮ್. ಅಮಲು ಬರಿಸುವ ಅಥವಾ ವಿಷಕಾರಿಯಾದವುಗಳನ್ನು ಬಿಟ್ಟರೆ ಸಸ್ಯಜನ್ಯ ಪದಾರ್ಥಗಳೆಲ್ಲವೂ ಸಹಜವಾಗಿಯೇ ಹಲಾಲ್. ಇವೆರಡರ ನಡುವೆ, ಮೂಲ ಯಾವುದೆಂದು ತಿಳಿಯದ ಕಾರಣ ಸಂಶಯಾಸ್ಪದವೆನಿಸುವ ವಸ್ತುಗಳ ವರ್ಗವೊಂದಿದೆ. ಸಂಸ್ಕರಿತ ಸಸ್ಯಾಹಾರದ ಪರಿಶೀಲನೆಯ ಬಹುಪಾಲು ಈ ಮೂರನೆಯ ವರ್ಗದ ಸುತ್ತಲೇ ನಡೆಯುತ್ತದೆ. ಆದುದರಿಂದ ಬೆಲ್ಲ, ಒಣದ್ರಾಕ್ಷಿ, ಮಸಾಲೆಗಳ ಮಟ್ಟಿಗೆ ಹಲಾಲ್ ಪ್ರಮಾಣೀಕರಣವೆಂದರೆ ಮುಖ್ಯವಾಗಿ ಪ್ರತಿಯೊಂದು ಒಳಸುರಿಯ ಮೂಲವನ್ನು ದಾಖಲೆಯ ಮೂಲಕ ತೋರಿಸಿಕೊಡುವ ಕೆಲಸ. ಸಾವಯವ ಪ್ರಮಾಣೀಕರಣದ ಅನುಭವವುಳ್ಳ ರೈತರಿಗೆ ಈ ಶಿಸ್ತು ಹೊಸದೆನಿಸುವುದಿಲ್ಲ.

ಹಲಾಲ್ ಮಾನದಂಡಗಳು ಆಹಾರದ ಶುಚಿತ್ವ ಮತ್ತು ಸುರಕ್ಷತೆಯನ್ನೂ ಅಪೇಕ್ಷಿಸುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಇಲ್ಲದ ಘಟಕವು ಹಲಾಲ್ ಅರ್ಜಿಯ ಯೋಚನೆಯನ್ನೇ ಮಾಡಬಾರದು.

ಯಾರಿಗೆ ಬೇಕು, ಯಾರಿಗೆ ಬೇಡ

ದೇಶದೊಳಗೆ ಆಹಾರ ಪದಾರ್ಥ ಮಾರಲು ಕಾನೂನಿನ ಪ್ರಕಾರ ಬೇಕಾದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿಯ ನೋಂದಣಿ ಅಥವಾ ಪರವಾನಗಿ. ಹಲಾಲ್ ಪ್ರಮಾಣಪತ್ರ ಕಡ್ಡಾಯವಲ್ಲ, ಐಚ್ಛಿಕ. ನಿಪ್ಪಾಣಿ, ಸಾಂಗ್ಲಿ, ಕೊಲ್ಲಾಪುರ, ಬೆಂಗಳೂರಿನ ಮಾರುಕಟ್ಟೆಗಷ್ಟೇ ಬೆಲ್ಲ ಕಳುಹಿಸುವ ಘಟಕಕ್ಕೆ ಇದರ ಅಗತ್ಯವಿಲ್ಲವೆಂದೇ ಹೇಳಬೇಕಾಗುತ್ತದೆ. ಆ ಹಣವನ್ನು ಉಕ್ಕಿನ ಕೊಪ್ಪರಿಗೆಗೋ ತೇವಾಂಶ ಅಳೆಯುವ ಉಪಕರಣಕ್ಕೋ ವಿನಿಯೋಗಿಸುವುದು ಲೇಸು.

ಉತ್ತರ ಪ್ರದೇಶ ಸರ್ಕಾರವು 2023ರ ನವೆಂಬರ್ 18ರಂದು ಹಲಾಲ್ ಪ್ರಮಾಣಿತ ಆಹಾರ ಪದಾರ್ಥಗಳ ತಯಾರಿಕೆ, ದಾಸ್ತಾನು, ವಿತರಣೆ ಮತ್ತು ಮಾರಾಟವನ್ನು ತನ್ನ ರಾಜ್ಯದಲ್ಲಿ ನಿಷೇಧಿಸಿ ಆದೇಶ ಹೊರಡಿಸಿತು. ರಫ್ತಿಗಾಗಿ ತಯಾರಾಗುವ ಪದಾರ್ಥಗಳಿಗೆ ಆ ಆದೇಶದಿಂದ ವಿನಾಯಿತಿ ಇದೆ. ಆದಕಾರಣ ರಫ್ತಿನ ಪೊಟ್ಟಣ ಮತ್ತು ದೇಶೀಯ ಮಾರಾಟದ ಪೊಟ್ಟಣಗಳ ಲೇಬಲ್ ಬೇರೆಬೇರೆಯಾಗಿರುವುದು ಕ್ಷೇಮ. ಒಂದೇ ಲೇಬಲ್ ಮುದ್ರಿಸಿ ಉಳಿತಾಯ ಮಾಡಲು ಹೋಗಿ, ಉತ್ತರ ಭಾರತದ ವ್ಯಾಪಾರಿಯ ಕೈಗೆ ಹಲಾಲ್ ಗುರುತಿನ ಪೆಟ್ಟಿಗೆ ಸೇರಿದರೆ ತೊಂದರೆ ಇಬ್ಬರಿಗೂ. ನಮ್ಮ ರಾಜ್ಯದಲ್ಲಿ 2022ರಲ್ಲಿ ನಡೆದ ಚರ್ಚೆ ಮುಖ್ಯವಾಗಿ ಮಾಂಸದ ವ್ಯಾಪಾರಕ್ಕೆ ಸಂಬಂಧಿಸಿದ್ದು, ಈ ಲೇಖನದ ವಿಷಯ ಅದಲ್ಲ.

ರಫ್ತಿನಲ್ಲಿಯೂ ಎಲ್ಲ ದೇಶಗಳ ಅಪೇಕ್ಷೆ ಒಂದೇ ತೆರನಾಗಿಲ್ಲ. ಕೊಲ್ಲಿ ರಾಷ್ಟ್ರಗಳು ಸಾಮಾನ್ಯವಾಗಿ ಮಾಂಸ ಮತ್ತು ಪ್ರಾಣಿಮೂಲದ ಅಂಶವಿರುವ ಆಹಾರಕ್ಕೆ ಪ್ರಮಾಣಪತ್ರ ಕೇಳುತ್ತವೆ. ಶುದ್ಧ ಸಸ್ಯಜನ್ಯ ಪದಾರ್ಥಕ್ಕೆ ಸರ್ಕಾರ ಕೇಳದಿದ್ದರೂ ದೊಡ್ಡ ಮಳಿಗೆಗಳಿಗೆ ಸರಕು ಪೂರೈಸುವ ಆಮದುದಾರರು ಕೇಳುವುದುಂಟು. ಇಂಡೋನೇಷ್ಯಾದ ಸ್ಥಿತಿ ಬೇರೆ. ಅಲ್ಲಿನ 2014ರ 33ನೇ ಕಾನೂನಿನ ಪ್ರಕಾರ ಆಹಾರ ಮತ್ತು ಪಾನೀಯಗಳಿಗೆ ಹಲಾಲ್ ಪ್ರಮಾಣೀಕರಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಗುತ್ತಿದ್ದು, ಆಮದಾದ ಆಹಾರಗಳಿಗೆ 2026ರ ಅಕ್ಟೋಬರ್ 17ನ್ನು ಅಂತಿಮ ಗಡುವಾಗಿ ಗೊತ್ತುಪಡಿಸಲಾಗಿದೆ. ಹೊರಗಿನ ಯಾವ ವಸ್ತುವನ್ನೂ ಸೇರಿಸದ ಕೆಲವು ಸಹಜ ಸಸ್ಯಮೂಲ ಪದಾರ್ಥಗಳಿಗೆ ಅಲ್ಲಿ ವಿನಾಯಿತಿಯ ಪಟ್ಟಿಯೂ ಇದೆ. ಒಣಗಿಸಿದ ಇಡೀ ಅರಿಶಿನಕ್ಕೆ ಅನ್ವಯಿಸುವ ನಿಯಮ, ಸುವಾಸನೆ ಬೆರೆಸಿದ ಬೆಲ್ಲದ ಗಟ್ಟಿಗೆ ಅನ್ವಯಿಸಲಾರದು. ಹಾಗಾಗಿ ಖರೀದಿದಾರರನ್ನು ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಈ ಪದಾರ್ಥಕ್ಕೆ ತಮ್ಮ ದೇಶದಲ್ಲಿ ಪ್ರಮಾಣಪತ್ರ ಕಡ್ಡಾಯವೇ? ಯಾವ ಮಾನದಂಡದ ಪ್ರಕಾರ? ಭಾರತದ ಯಾವ ಸಂಸ್ಥೆಯ ಪ್ರಮಾಣಪತ್ರ ಅಲ್ಲಿ ಮಾನ್ಯ? ಉತ್ತರ ದೂರವಾಣಿಯಲ್ಲಿ ಬಂದರೆ ಸಾಲದು, ಬರಹದಲ್ಲಿ ಪಡೆಯಬೇಕು.

ಮಾಂಸದ ಬಗ್ಗೆ ಎರಡು ಮಾತು. ಕುರಿ, ಆಡು, ಕೋಳಿ ಸಾಕಣೆದಾರರು ‘ನಮ್ಮ ಪ್ರಾಣಿಗಳಿಗೆ ಹಲಾಲ್ ಪ್ರಮಾಣಪತ್ರ ಮಾಡಿಸಬೇಕೇ’ ಎಂದು ವಿಚಾರಿಸುವುದುಂಟು. ಪ್ರಮಾಣಪತ್ರ ಬೇಕಾದುದು ವಧಾಗಾರಕ್ಕೆ ಮತ್ತು ಮಾಂಸ ಸಂಸ್ಕರಣಾ ಘಟಕಕ್ಕೆ, ಸಾಕಣೆದಾರರಿಗಲ್ಲ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಯಂತೆ 2024ರ ಅಕ್ಟೋಬರ್ 16ರಿಂದ ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಒಮಾನ್, ಮಲೇಷ್ಯಾ, ಇಂಡೋನೇಷ್ಯಾ ಸೇರಿದಂತೆ 15 ದೇಶಗಳಿಗೆ ಹಲಾಲ್ ಎಂದು ಕಳುಹಿಸುವ ಮಾಂಸವು ಭಾರತೀಯ ಗುಣಮಟ್ಟ ಮಂಡಳಿಯ ‘ಐ-ಕ್ಯಾಸ್ ಹಲಾಲ್’ ವ್ಯವಸ್ಥೆಯಡಿ ಪ್ರಮಾಣಿತವಾದ ಘಟಕದಿಂದಲೇ ಹೋಗಬೇಕು. ಈ ಅಧಿಸೂಚನೆ ಮಾಂಸ ಮತ್ತು ಮಾಂಸೋತ್ಪನ್ನಗಳಿಗೆ ಸೀಮಿತ, ಬೆಲ್ಲಕ್ಕೂ ಮಸಾಲೆಗೂ ಅನ್ವಯಿಸುವುದಿಲ್ಲ.

ಹಸಿರು ಚುಕ್ಕೆ ಏಕೆ ಸಾಲದು

ನಮ್ಮ ಸಸ್ಯಾಹಾರಿ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಹಲಾಲ್ ಪರಿಶೀಲನೆಯ ಅರ್ಧ ಕೆಲಸವನ್ನು ಮಾಡಿಕೊಟ್ಟಂತೆಯೇ ಸರಿ. ಉಳಿದರ್ಧ ಎರಡು ಕಡೆ ಅಡಗಿದೆ. ಮದ್ಯಸಾರವು ಸಸ್ಯಜನ್ಯವಾದ್ದರಿಂದ ಹಸಿರು ಚುಕ್ಕೆಗೆ ಅಡ್ಡಿಯಾಗದು, ಹಲಾಲ್‌ಗೆ ಅಡ್ಡಿಯಾಗಬಹುದು. ಎರಡನೆಯದಾಗಿ, ತಯಾರಿಕೆಯ ನಡುವೆ ಬಳಸಿ ಬಿಡುವ ಸಂಸ್ಕರಣಾ ಸಹಾಯಕ ವಸ್ತುಗಳು ಲೇಬಲ್ಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವುಗಳ ಮೂಲವನ್ನು ತಯಾರಕರೂ ವಿಚಾರಿಸಿರುವುದಿಲ್ಲ. ನಮ್ಮ ಭಾಗದ ಪ್ರಮುಖ ಉತ್ಪನ್ನಗಳಲ್ಲಿ ಇವು ಎಲ್ಲೆಲ್ಲಿ ಇರುತ್ತವೆ ಎಂಬುದನ್ನು ವಿವರವಾಗಿ ನೋಡೋಣ.

ಬೆಲ್ಲ: ಕಬ್ಬಿನ ಹಾಲನ್ನು ಶುದ್ಧೀಕರಿಸಲು ಬಳಸುವ ಬೆಂಡೆಗಿಡದ ಲೋಳೆ, ಸುಣ್ಣದ ನೀರು ಇವುಗಳಲ್ಲಿ ಯಾವ ಪ್ರಶ್ನೆಯೂ ಇಲ್ಲ. ಕುದಿಯುವಾಗ ಉಕ್ಕದಂತೆ ಹಿಂದಿನಿಂದಲೂ ಔಡಲ ಎಣ್ಣೆ ಅಥವಾ ಶೇಂಗಾ ಎಣ್ಣೆಯನ್ನು ಹಾಕುತ್ತ ಬಂದಿದ್ದಾರೆ, ಅದೂ ಸರಿಯೇ. ಆದರೆ ಅಂಗಡಿಯಲ್ಲಿ ಡಬ್ಬಿಗಳಲ್ಲಿ ಸಿಗುವ ‘ನೊರೆ ನಿವಾರಕ’ಗಳಲ್ಲಿ ಕೊಬ್ಬಿನಾಮ್ಲಗಳ ಸಂಯುಕ್ತಗಳಿರಬಹುದು. ಕೊಬ್ಬಿನಾಮ್ಲವನ್ನು ತಾಳೆಎಣ್ಣೆಯಿಂದಲೂ ತಯಾರಿಸಬಹುದು, ಪ್ರಾಣಿಯ ಕೊಬ್ಬಿನಿಂದಲೂ ತಯಾರಿಸಬಹುದು. ಡಬ್ಬಿಯ ಮೇಲಿನ ಬರಹದಿಂದ ಇದು ತಿಳಿಯದು. ಬೆಲ್ಲದ ಪುಡಿ ಗಂಟುಕಟ್ಟದಂತೆ ಸೇರಿಸುವ ಕ್ಯಾಲ್ಸಿಯಂ ಸ್ಟಿಯರೇಟ್ ಅಥವಾ ಮೆಗ್ನೀಷಿಯಂ ಸ್ಟಿಯರೇಟ್‌ನ ವಿಷಯವೂ ಇಷ್ಟೇ. ಅವುಗಳಲ್ಲಿರುವ ಸ್ಟಿಯರಿಕ್ ಆಮ್ಲಕ್ಕೆ ಎರಡೂ ಮೂಲಗಳುಂಟು. ಶುಂಠಿ, ಏಲಕ್ಕಿ ಸುವಾಸನೆಯ ಬೆಲ್ಲದ ಗಟ್ಟಿಗೆ ನಿಜವಾದ ಶುಂಠಿಪುಡಿ, ಏಲಕ್ಕಿಪುಡಿ ಹಾಕಿದರೆ ಚಿಂತೆಯಿಲ್ಲ. ಬಾಟಲಿಯ ಎಸೆನ್ಸ್ ಹಾಕಿದರೆ ಅದು ಮದ್ಯಸಾರದಲ್ಲಿ ಕರಗಿಸಿದ್ದೋ, ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ್ದೋ, ಗ್ಲಿಸರಿನ್ ಬಳಸಿದ್ದರೆ ಅದರ ಮೂಲ ಯಾವುದು ಎಂಬುದನ್ನು ತೋರಿಸಬೇಕಾಗುತ್ತದೆ.

ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಹರಾಮ್ ಪಟ್ಟಿಗೆ ಸೇರಿದ ವಸ್ತುವಲ್ಲ. ಆದರೂ ಬಣ್ಣ ಹಳದಿಯಾಗಲೆಂದು ಅದನ್ನು ಧಾರಾಳವಾಗಿ ಸುರಿಯುವ ಗಾಣದ ಬೆಲ್ಲವು ಗಂಧಕದ ಡೈಆಕ್ಸೈಡ್‌ನ ಮಿತಿ ಮೀರಿ ಆಹಾರ ಸುರಕ್ಷತೆಯ ಪರೀಕ್ಷೆಯಲ್ಲಿಯೇ ಬಿದ್ದುಹೋಗುತ್ತದೆ. ಸಕ್ಕರೆ ಬೆರೆಸಿದ ಬೆಲ್ಲದ ವಿಷಯವೂ ಹಾಗೆಯೇ. ಹಲಾಲ್ ಪರಿಶೀಲಕರು ಒಳಸುರಿಗಳ ಖರೀದಿ ಲೆಕ್ಕವನ್ನು ತಪಾಸಣೆ ಮಾಡುವಾಗ ಸಕ್ಕರೆ ಚೀಲಗಳ ರಸೀದಿ ಕಂಡರೆ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಕಬ್ಬಿನ ಹಾಲು ಹೊತ್ತು ಮೀರಿ ನಿಂತರೆ ಹುದುಗು ಹಿಡಿದು ಅತ್ಯಲ್ಪ ಮದ್ಯಸಾರ ಉಂಟಾಗುತ್ತದೆ ನಿಜ. ಬೆಲ್ಲ ಹದಕ್ಕೆ ಬರುವ ಸುಮಾರು 118 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಆವಿಯಾಗಿ ಹೋಗುವುದರಿಂದ ಈ ಬಗ್ಗೆ ಆತಂಕ ಬೇಡ. ಹಳಸಿದ ಹಾಲಿನಿಂದ ಬೆಲ್ಲದ ಗುಣಮಟ್ಟ ಕೆಡುವುದೇ ಹೆಚ್ಚಿನ ನಷ್ಟ.

ಒಣದ್ರಾಕ್ಷಿ: ಇದರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ. ಗೊಂಚಲುಗಳನ್ನು ಶೆಡ್ಡಿಗೆ ಏರಿಸುವ ಮುನ್ನ ಪ್ರತಿ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಅದ್ದುವುದು ವಾಡಿಕೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ಬೇಗ ಒಣಗಲೆಂಬುದು ಇದರ ಉದ್ದೇಶ. ಡಿಪ್ಪಿಂಗ್ ಆಯಿಲ್ ಎಂದರೆ ಮುಖ್ಯವಾಗಿ ಈಥೈಲ್ ಓಲಿಯೇಟ್. ಇದು ಓಲಿಯಿಕ್ ಆಮ್ಲ ಮತ್ತು ಮದ್ಯಸಾರ ಸೇರಿ ಆಗುವ ಸಂಯುಕ್ತ. ಓಲಿಯಿಕ್ ಆಮ್ಲವನ್ನು ಸಸ್ಯತೈಲದಿಂದ ಪಡೆಯುವಂತೆ ದನದ ಅಥವಾ ಬೇರೆ ಪ್ರಾಣಿಯ ಕೊಬ್ಬಿನಿಂದಲೂ ಪಡೆಯಲಾಗುತ್ತದೆ. ಸಂಯುಕ್ತವಾದ ಮೇಲೆ ಮದ್ಯಸಾರವು ಮದ್ಯಸಾರವಾಗಿ ಉಳಿಯುವುದಿಲ್ಲ, ಆದ್ದರಿಂದ ಮುಖ್ಯ ಪ್ರಶ್ನೆ ಓಲಿಯಿಕ್ ಆಮ್ಲದ ಮೂಲದ್ದು. ದ್ರಾಕ್ಷಿ ಬೆಳೆಗಾರರು ಬೆಲೆ ನೋಡಿ ಪ್ರತಿ ವರ್ಷ ಬೇರೆ ಕಂಪನಿಯ ಡಿಪ್ಪಿಂಗ್ ಆಯಿಲ್ ತರುವುದು ಸಾಮಾನ್ಯ. ಪ್ರಮಾಣೀಕರಣಕ್ಕೆ ಹೋಗುವವರು ಈ ಅಭ್ಯಾಸವನ್ನು ಬಿಡಬೇಕು. ತಯಾರಕರಿಂದ ‘ಸಸ್ಯಮೂಲದ್ದು’ ಎಂಬ ಲಿಖಿತ ಹೇಳಿಕೆ ಪಡೆದು, ಆ ಹಂಗಾಮಿನ ಪೂರ್ತಿ ಒಂದೇ ಬ್ರ್ಯಾಂಡ್ ಬಳಸಿ, ಬ್ಯಾಚ್ ಸಂಖ್ಯೆ ಬರೆದಿಡಬೇಕು. ಒಣಗಿದ ಹಣ್ಣಿಗೆ ಹೊಳಪು ಬರಲೆಂದು ಸವರುವ ಎಣ್ಣೆಗೂ ಇದೇ ನಿಯಮ. ಸಸ್ಯಾಹಾರಿ ಗ್ರಾಹಕರ ದೃಷ್ಟಿಯಿಂದಲೂ ಈ ಪ್ರಶ್ನೆ ಕೇಳಬೇಕಾದದ್ದೇ ಎಂಬುದು ಗಮನಾರ್ಹ.

ಮಸಾಲೆ ಮತ್ತು ಇತರೆ: ಸಂಕೇಶ್ವರ ಮೆಣಸಿನಕಾಯಿ, ಅರಿಶಿನ, ಈರುಳ್ಳಿ–ಬೆಳ್ಳುಳ್ಳಿ ಮಸಾಲೆಗಳಲ್ಲಿ ಹುರಿಯಲು ಬಳಸುವ ಎಣ್ಣೆಯ ರಸೀದಿ ಇದ್ದರೆ ಬಹುತೇಕ ಸಾಕು. ಬಿಸ್ಕತ್ತು, ಕೇಕು, ಮಿಠಾಯಿ ತಯಾರಿಸುವ ಘಟಕಗಳು ಎಮಲ್ಸಿಫೈಯರ್ ಸಂಖ್ಯೆ 471, ಜಿಲೆಟಿನ್, ಕೆಂಪು ಬಣ್ಣದ ಕಾರ್ಮೈನ್, ವೆನಿಲಾ ಎಸೆನ್ಸ್ ಇವುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಚೀಸ್ ತಯಾರಿಕೆಯಲ್ಲಿ ಹಾಲು ಒಡೆಸುವ ರೆನ್ನೆಟ್ ಪ್ರಾಣಿಮೂಲದ್ದೋ ಸೂಕ್ಷ್ಮಾಣುಜನ್ಯವೋ ಎಂಬುದು ಮುಖ್ಯ. ಖವಾ, ಪೇಡೆ, ತುಪ್ಪ ಇವುಗಳಲ್ಲಿ ಹಾಲು ಶುದ್ಧವಾಗಿದ್ದರೆ ಬೇರೆ ತೊಡಕಿಲ್ಲ.

ಘಟಕದ ಆವರಣ ಮತ್ತು ಯಂತ್ರೋಪಕರಣ

ನಮ್ಮ ಗಾಣಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಬ್ಬು ಅರೆಯುವ ಯಂತ್ರದ ಬೇರಿಂಗು ಮತ್ತು ಗಿಯರುಗಳಿಗೆ ಹಾಕಿದ ಗ್ರೀಸು ಕಬ್ಬಿನ ಹಾಲಿನ ತೊಟ್ಟಿಗೆ ತೊಟ್ಟಿಕ್ಕುತ್ತಿರುವುದನ್ನು ಅನೇಕ ಕಡೆ ಕಾಣಬಹುದು. ಕೆಲವು ಗ್ರೀಸುಗಳಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆ, ಇಲ್ಲದಿದ್ದರೂ ಅದು ಆಹಾರದಲ್ಲಿ ಸೇರಬಾರದ ವಸ್ತು. ಹಾಲಿನ ಸಂಪರ್ಕಕ್ಕೆ ಬರಬಹುದಾದ ಕಡೆ ಆಹಾರ ದರ್ಜೆಯ ಗ್ರೀಸು ಬಳಸಿ, ಕೆಳಗೆ ತಗಡಿನ ತಟ್ಟೆ ಕಟ್ಟಬೇಕು. ಅಚ್ಚುಗಳಿಗೆ ಎಣ್ಣೆ ಸವರುವ ಬ್ರಷ್ಷು ಹಂದಿಯ ಕೂದಲಿನದಾಗಿದ್ದರೆ ಇಡೀ ಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ. ಬಣ್ಣದ ಅಂಗಡಿಯಿಂದ ತಂದ ಬ್ರಷ್ಷನ್ನು ಆಹಾರಕ್ಕೆ ಬಳಸಲೇಬಾರದು. ನೈಲಾನ್ ಅಥವಾ ಸಿಲಿಕೋನ್ ಬ್ರಷ್ಷು ದುಬಾರಿಯೇನಲ್ಲ.

ಗಾಣದ ಸುತ್ತ ಬೇಲಿ ಇರಬೇಕು. ಮಡ್ಡಿ ಮತ್ತು ತೊಳೆದ ನೀರು ಹರಿಯುವ ಚರಂಡಿಗೆ ಬಿಡಾಡಿ ಹಂದಿ, ನಾಯಿಗಳು ಬಾರದಂತೆ ನೋಡಿಕೊಳ್ಳಬೇಕು. ಕೆಲಸಗಾರರು ಮದ್ಯವನ್ನು ಆವರಣದೊಳಗೆ ತರುವುದಾಗಲಿ, ಉತ್ಪಾದನಾ ಜಾಗದಲ್ಲಿ ಮಾಂಸಾಹಾರದ ಬುತ್ತಿ ಬಿಚ್ಚುವುದಾಗಲಿ ಕೂಡದು. ಊಟಕ್ಕೆ ಪ್ರತ್ಯೇಕ ಜಾಗ ಕೊಡುವುದು ಆಹಾರ ಸುರಕ್ಷತೆಯ ನಿಯಮವೂ ಹೌದು. ಸರಕು ಒಯ್ಯುವ ವಾಹನ ಈ ಹಿಂದೆ ಏನನ್ನು ಸಾಗಿಸಿತ್ತು ಎಂಬುದನ್ನು ಕೇಳಿ, ತೊಳೆಸಿ, ಸಾಗಣೆ ಪುಸ್ತಕದಲ್ಲಿ ದಾಖಲಿಸಬೇಕು.

ದಾಖಲೆಗಳು

ಪರಿಶೀಲಕರು ಬರುವ ಮುನ್ನ ಒಂದು ಕಡತ ಸಿದ್ಧವಿರಬೇಕು. ಅದರಲ್ಲಿ ಆಹಾರ ಸುರಕ್ಷತಾ ಪರವಾನಗಿ ಮತ್ತು ಉದ್ಯಮ ನೋಂದಣಿಯ ಪ್ರತಿ, ಕಬ್ಬು ಬರುವುದರಿಂದ ಪೊಟ್ಟಣ ಹೊರಡುವವರೆಗಿನ ತಯಾರಿಕಾ ಹಂತಗಳ ನಕ್ಷೆ, ಎಲ್ಲ ಒಳಸುರಿಗಳ ಪಟ್ಟಿ, ಪ್ರತಿ ಒಳಸುರಿಯ ತಯಾರಕರ ಹೆಸರು ಮತ್ತು ಮೂಲದ ಹೇಳಿಕೆ, ನೀರಿನ ಪರೀಕ್ಷಾ ವರದಿ, ಸ್ವಚ್ಛತೆಯ ದಿನಚರಿ ಇರಲಿ. ಪಟ್ಟಿ ಎಂದರೆ ಬೆಲ್ಲದೊಳಗೆ ಉಳಿಯುವ ವಸ್ತುಗಳದ್ದಷ್ಟೇ ಅಲ್ಲ, ಕೊಪ್ಪರಿಗೆ ತೊಳೆಯುವ ಪುಡಿಯಿಂದ ಹಿಡಿದು ಪೊಟ್ಟಣದ ಅಂಟಿನವರೆಗೆ. ಮನೆಯಲ್ಲಿ ಓದುಬರಹ ಬಲ್ಲ ಒಬ್ಬರನ್ನು, ಮಹಿಳಾ ಸ್ವಸಹಾಯ ಸಂಘವಾದರೆ ಒಬ್ಬ ಸದಸ್ಯೆಯನ್ನು, ಈ ಕಡತಕ್ಕೆ ಹೊಣೆಗಾರರನ್ನಾಗಿ ನೇಮಿಸಬೇಕು. ಒಳಸುರಿ ಬದಲಾಯಿಸುವ ಮುನ್ನ ಅವರ ಒಪ್ಪಿಗೆ ಪಡೆಯುವುದು ನಿಯಮವಾಗಲಿ. ದಾಖಲೆಗಳನ್ನು ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ ಇಟ್ಟರೂ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಸ್ಪಷ್ಟವಾಗಿರಬೇಕು. ಪರಿಶೀಲಕರಿಗೆ ಕೊಡುವ ಸಾರಾಂಶವನ್ನು ಮಾತ್ರ ಇಂಗ್ಲಿಷಿನಲ್ಲಿ ಮಾಡಿಸಿಕೊಳ್ಳಬಹುದು.

ಅರ್ಜಿ ಸಲ್ಲಿಸಿದ ನಂತರ ಸಂಸ್ಥೆಯು ದಾಖಲೆಗಳನ್ನು ಪರಿಶೀಲಿಸಿ, ಆಹಾರ ತಂತ್ರಜ್ಞರು ಮತ್ತು ಇಸ್ಲಾಂ ಧರ್ಮಶಾಸ್ತ್ರ ಬಲ್ಲವರು ಇರುವ ತಂಡವನ್ನು ಸ್ಥಳ ತಪಾಸಣೆಗೆ ಕಳುಹಿಸುತ್ತದೆ. ಅಗತ್ಯವೆನಿಸಿದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಕೊರತೆಗಳನ್ನು ಸರಿಪಡಿಸಿದ ಮೇಲೆ ಪ್ರಮಾಣಪತ್ರ ದೊರೆಯುತ್ತದೆ. ತಪಾಸಣೆ ನಡೆಯಬೇಕಾದದ್ದು ಉತ್ಪಾದನೆ ಚಾಲನೆಯಲ್ಲಿರುವಾಗ. ಗಾಣಗಳು ದಸರಾ–ದೀಪಾವಳಿಯ ನಂತರ ಆರಂಭವಾಗುವುದರಿಂದ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿ, ಡಿಸೆಂಬರ್ ಹೊತ್ತಿಗೆ ತಪಾಸಣೆ ಇಟ್ಟುಕೊಳ್ಳುವುದು ಅನುಕೂಲ. ಜುಲೈ–ಆಗಸ್ಟ್‌ನಲ್ಲಿ ಅಕ್ಕೋಳ–ಸಿದ್ನಾಳ ಸೇತುವೆ ವೇದಗಂಗೆಯ ಪ್ರವಾಹದಲ್ಲಿ ಮುಳುಗುವುದು ಹೊಸ ಸಂಗತಿಯಲ್ಲ. ಆ ದಿನಗಳಲ್ಲಿ ದೂರದ ಊರಿನ ತಂಡವನ್ನು ಕರೆಸಿಕೊಂಡು ಪ್ರಯಾಣ ವೆಚ್ಚ ತೆತ್ತು ಬರಿಗೈಲಿ ಕಳುಹಿಸುವುದು ಬೇಡ.

ಸಂಸ್ಥೆಯ ಆಯ್ಕೆ

ಭಾರತದಲ್ಲಿ ಹಲಾಲ್ ಪ್ರಮಾಣಪತ್ರ ನೀಡುವುದು ಸರ್ಕಾರಿ ಇಲಾಖೆಯಲ್ಲ, ಖಾಸಗಿ ಸಂಸ್ಥೆಗಳು ಮತ್ತು ಧಾರ್ಮಿಕ ನ್ಯಾಸಗಳು. ಪ್ರಮುಖವಾದವುಗಳ ಕಚೇರಿಗಳು ದೆಹಲಿ, ಮುಂಬಯಿ, ಚೆನ್ನೈಗಳಲ್ಲಿವೆ. ಎಲ್ಲ ಸಂಸ್ಥೆಗಳ ಪ್ರಮಾಣಪತ್ರ ಎಲ್ಲ ದೇಶಗಳಲ್ಲಿ ನಡೆಯುವುದಿಲ್ಲ ಎಂಬ ಒಂದು ವಿಷಯವನ್ನು ಮರೆತರೆ ಉಳಿದೆಲ್ಲ ಶ್ರಮ ವ್ಯರ್ಥ. ಮಲೇಷ್ಯಾದ ಇಸ್ಲಾಮಿಕ್ ಅಭಿವೃದ್ಧಿ ಇಲಾಖೆಯಾದ ‘ಜಾಕಿಮ್’ ತಾನು ಮಾನ್ಯ ಮಾಡಿದ ವಿದೇಶಿ ಸಂಸ್ಥೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಇಂಡೋನೇಷ್ಯಾದಲ್ಲಿ ‘ಬಿಪಿಜೆಪಿಎಚ್’ ಎಂಬ ಸರ್ಕಾರಿ ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ‘ಜಿಎಸ್‌ಓ 2055’ ಮಾನದಂಡ ಪ್ರಚಲಿತವಾಗಿದ್ದು, ಪ್ರಮಾಣಪತ್ರ ನೀಡುವ ಸಂಸ್ಥೆಗೆ ಅಲ್ಲಿನ ಮಾನ್ಯತಾ ಕೇಂದ್ರದ ಮನ್ನಣೆ ಇರಬೇಕೆಂದು ಅಪೇಕ್ಷಿಸಲಾಗುತ್ತದೆ. ಮಲೇಷ್ಯಾದ ಮಾನದಂಡ ‘ಎಂಎಸ್ 1500’. ಈ ಪಟ್ಟಿಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಕಳೆದ ವರ್ಷ ಪಟ್ಟಿಯಲ್ಲಿದ್ದ ಸಂಸ್ಥೆ ಈ ವರ್ಷ ಇಲ್ಲದಿರಬಹುದು. ಹಣ ಪಾವತಿಸುವ ದಿನದ ಪಟ್ಟಿಯನ್ನೇ ನೋಡಬೇಕು.

ಅದರೊಂದಿಗೆ ಆ ಸಂಸ್ಥೆಗೆ ಐಎಸ್‌ಓ/ಐಇಸಿ 17065 ಪ್ರಕಾರ ಮಾನ್ಯತೆ ಇದೆಯೇ, ಅದನ್ನು ಕೊಟ್ಟವರು ಯಾರು, ನಮ್ಮ ಉತ್ಪನ್ನದ ವರ್ಗ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ವಿಚಾರಿಸುವುದು ಅಗತ್ಯ. ಮಾಂಸಕ್ಕೆ ಮಾತ್ರ ಮಾನ್ಯತೆ ಪಡೆದ ಸಂಸ್ಥೆಯಿಂದ ಬೆಲ್ಲಕ್ಕೆ ಪತ್ರ ಪಡೆದು ಪ್ರಯೋಜನವಿಲ್ಲ. ‘ಸ್ಥಳ ತಪಾಸಣೆ ಬೇಡ, ಫೋಟೋ ಕಳುಹಿಸಿ ಸಾಕು, ಮೂರು ದಿನದಲ್ಲಿ ಪ್ರಮಾಣಪತ್ರ’ ಎನ್ನುವ ಮಧ್ಯವರ್ತಿಗಳಿಂದ ದೂರವಿರತಕ್ಕದ್ದು. ಘಟಕದ ವಾರ್ಷಿಕ ಪ್ರಮಾಣಪತ್ರ ಬೇರೆ, ಪ್ರತಿ ರವಾನೆಗೆ ಕೊಡುವ ಪತ್ರ ಬೇರೆ. ಖರೀದಿದಾರರಿಗೆ ಎರಡೂ ಬೇಕೇ ಎಂಬುದು ಮೊದಲೇ ಗೊತ್ತಾದರೆ ವೆಚ್ಚದ ಲೆಕ್ಕ ತಪ್ಪುವುದಿಲ್ಲ.

ವೆಚ್ಚ ಮತ್ತು ಗುಂಪಿನ ದಾರಿ

ಶುಲ್ಕವು ಸಂಸ್ಥೆ, ಉತ್ಪನ್ನಗಳ ಸಂಖ್ಯೆ ಮತ್ತು ಘಟಕದ ಗಾತ್ರವನ್ನು ಅವಲಂಬಿಸಿರುತ್ತದೆ. ಕನಿಷ್ಠ ಎರಡು ಸಂಸ್ಥೆಗಳಿಂದ ಲಿಖಿತ ದರಪಟ್ಟಿ ಪಡೆದು, ಅದರಲ್ಲಿ ಅರ್ಜಿ ಶುಲ್ಕ, ತಪಾಸಣಾ ಶುಲ್ಕ, ಪರಿಶೀಲಕರ ಪ್ರಯಾಣ ಮತ್ತು ವಸತಿ, ಪ್ರಯೋಗಾಲಯದ ವೆಚ್ಚ, ಲಾಂಛನ ಬಳಕೆಯ ಶುಲ್ಕ, ನವೀಕರಣ ಇವು ಬಿಡಿಬಿಡಿಯಾಗಿ ನಮೂದಾಗಿವೆಯೇ ನೋಡಬೇಕು. ಲೆಕ್ಕಕ್ಕಾಗಿ ವರ್ಷದ ಒಟ್ಟು ವೆಚ್ಚ 60,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 2 ಟನ್ ಬೆಲ್ಲ ರಫ್ತು ಮಾಡುವವರಿಗೆ ಇದು ಕಿಲೋಗೆ 30 ರೂಪಾಯಿ ಹೊರೆ, ವ್ಯಾಪಾರವೇ ಮುಳುಗುತ್ತದೆ. 20 ಟನ್ ಕಳುಹಿಸಿದರೆ ಕಿಲೋಗೆ 3 ರೂಪಾಯಿ ಮಾತ್ರ. 20 ಟನ್ ಎಂದರೆ ಹೆಚ್ಚುಕಡಿಮೆ ಒಂದು ಇಪ್ಪತ್ತು ಅಡಿ ಕಂಟೇನರು. ದಿನಕ್ಕೆ ಒಂದು ಟನ್ ತಯಾರಿಸುವ ಗಾಣಕ್ಕೆ 20 ದಿನಗಳ ಉತ್ಪಾದನೆ.

ಆದ್ದರಿಂದ ಒಂಟಿ ಗಾಣಕ್ಕಿಂತ ರೈತ ಉತ್ಪಾದಕ ಸಂಸ್ಥೆಯ ಮೂಲಕ ಹೋಗುವುದೇ ಉಚಿತವೆಂಬುದು ಈ ಲೇಖಕರ ಅಭಿಪ್ರಾಯ. ಪುಡಿ ಮಾಡುವ, ಜರಡಿ ಹಿಡಿಯುವ, ಪೊಟ್ಟಣ ಕಟ್ಟುವ ಕೆಲಸ ಒಂದೇ ಸಾಮಾನ್ಯ ಘಟಕದಲ್ಲಿ ನಡೆದು, ಆರೇಳು ಗಾಣಗಳು ಅದಕ್ಕೆ ಬೆಲ್ಲ ಪೂರೈಸಿದರೆ ವೆಚ್ಚ ಹಂಚಿಹೋಗುತ್ತದೆ. ಆದರೆ ಇಲ್ಲಿ ಒಂದು ಷರತ್ತಿದೆ. ಪರಿಶೀಲಕರು ಪೂರೈಕೆದಾರ ಗಾಣಗಳನ್ನೂ ನೋಡಬಯಸಬಹುದು. ಏಳರಲ್ಲಿ ಒಂದು ಗಾಣ ಮೂಲ ತಿಳಿಯದ ನೊರೆ ನಿವಾರಕ ಬಳಸಿದರೂ ಇಡೀ ಗುಂಪಿನ ಪತ್ರಕ್ಕೆ ಕುತ್ತು. ಹೀಗಾಗಿ ಸಂಸ್ಥೆಯೇ ಎಣ್ಣೆ, ಸುಣ್ಣ, ಬ್ರಷ್ಷು, ಗ್ರೀಸುಗಳನ್ನು ಒಟ್ಟಾಗಿ ಖರೀದಿಸಿ ಎಲ್ಲ ಗಾಣಗಳಿಗೆ ಹಂಚುವುದು ಉತ್ತಮ. ಸಗಟು ದರದ ಲಾಭವೂ ಸಿಗುತ್ತದೆ.

ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದಿಂದ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಾಧಾರಿತ ಸಹಾಯಧನ ನಿಗದಿಯಾಗಿದ್ದು, ಕರ್ನಾಟಕ ಸರ್ಕಾರ ಶೇ. 15ರಷ್ಟನ್ನು ಹೆಚ್ಚುವರಿಯಾಗಿ ಸೇರಿಸಿದೆ. ರಾಜ್ಯದಲ್ಲಿ ಇದರ ನೋಡಲ್ ಸಂಸ್ಥೆ ಕಪ್ಪೆಕ್, ಅಂದರೆ ಕರ್ನಾಟಕ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಸಹಾಯಧನ ಯಂತ್ರೋಪಕರಣ ಮತ್ತು ಘಟಕದ ಉನ್ನತೀಕರಣಕ್ಕೆ. ಪ್ರಮಾಣೀಕರಣದ ಶುಲ್ಕವೂ ಇದರಲ್ಲಿ ಬರುತ್ತದೆಂದು ಭಾವಿಸಿ ಯೋಜನಾ ವರದಿ ಬರೆಸಬಾರದು. ಯೋಜನೆಯ ಸದ್ಯದ ಸ್ಥಿತಿಯನ್ನು ಜಿಲ್ಲಾ ಸಂಪನ್ಮೂಲ ವ್ಯಕ್ತಿಯಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ. ನೇರವಾಗಿ ರಫ್ತು ಮಾಡುವವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು–ರಫ್ತು ಸಂಕೇತ ಸಂಖ್ಯೆ ಮತ್ತು ಅಪೇಡಾ ನೋಂದಣಿ ಬೇಕಾಗುತ್ತವೆ. ವ್ಯಾಪಾರಿ ರಫ್ತುದಾರರ ಮೂಲಕ ಹೋದರೆ ಇವು ಅವರ ಹೊಣೆ, ಹಲಾಲ್ ಪ್ರಮಾಣಪತ್ರ ಮಾತ್ರ ತಯಾರಿಕೆ ನಡೆಯುವ ಘಟಕದ ಹೆಸರಿನಲ್ಲೇ ಇರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಘಟಕಕ್ಕೆ ಭೇಟಿ ನೀಡಿದಾಗ ಮೊದಲು ಪ್ರಮಾಣಪತ್ರದ ಮಾತು ಎತ್ತಬೇಡಿ. ಸಾಮಗ್ರಿ ಕೋಣೆಗೆ ಹೋಗಿ ಅಲ್ಲಿರುವ ಪ್ರತಿಯೊಂದು ಡಬ್ಬಿ, ಚೀಲ, ಬಾಟಲಿಯ ಹೆಸರು ಬರೆದುಕೊಳ್ಳಿ. ಅದರಲ್ಲಿ ‘ಮೂಲ ಗೊತ್ತು’, ‘ಮೂಲ ಗೊತ್ತಿಲ್ಲ’ ಎಂದು ಎರಡು ಸಾಲು ಮಾಡಿ. ಎರಡನೆಯ ಸಾಲಿನ ವಸ್ತುಗಳಲ್ಲಿ ಬಹುಪಾಲನ್ನು ಕೈಬಿಡಲು ಅಥವಾ ಸರಳ ಸಸ್ಯಮೂಲದ ವಸ್ತುವಿಗೆ ಬದಲಿಸಲು ಸಾಧ್ಯವಾಗುತ್ತದೆ. ನೊರೆ ನಿವಾರಕದ ಬದಲು ಶೇಂಗಾ ಎಣ್ಣೆ, ಎಸೆನ್ಸಿನ ಬದಲು ಏಲಕ್ಕಿಪುಡಿ. ಉಳಿದ ಒಂದೆರಡಕ್ಕೆ ತಯಾರಕರಿಗೆ ಪತ್ರ ಬರೆಸಿ. ಧರ್ಮದ ಕಾರಣ ಹಿಂಜರಿಯುವ ಅಥವಾ ವಾದಕ್ಕಿಳಿಯುವ ಉದ್ಯಮಿಗಳಿಗೆ ಇದು ಖರೀದಿದಾರರ ಷರತ್ತು, ಇಷ್ಟವಿದ್ದರೆ ಪಾಲಿಸಬಹುದು, ಇಲ್ಲದಿದ್ದರೆ ಬೇರೆ ಮಾರುಕಟ್ಟೆ ಹುಡುಕಬಹುದು ಎಂದಷ್ಟೇ ತಿಳಿಸಿದರೆ ಸಾಕು. ಒತ್ತಾಯ ಸಲ್ಲದು. ಕಬ್ಬು ಮತ್ತು ಬೆಲ್ಲದ ತಾಂತ್ರಿಕ ಪ್ರಶ್ನೆಗಳಿಗೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರವನ್ನು, ತರಬೇತಿಗಾಗಿ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಆಹಾರ ಪರೀಕ್ಷೆ ಮತ್ತು ತಂತ್ರಜ್ಞಾನಕ್ಕಾಗಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಸಂಪರ್ಕಿಸಲು ಸೂಚಿಸಬಹುದು.

ಪ್ರಮಾಣಪತ್ರ ಬಂದ ಮೇಲೆ

ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ಅನೇಕ ಸಂಸ್ಥೆಗಳು ಒಂದು ವರ್ಷಕ್ಕೆ ಕೊಡುತ್ತವೆ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು, ಏಕೆಂದರೆ ಸಮುದ್ರಮಾರ್ಗದಲ್ಲಿ ಸರಕು ಇರುವಾಗ ಅವಧಿ ಮುಗಿದರೆ ಆಮದುದಾರರು ತಕರಾರು ತೆಗೆಯಬಹುದು. ಪ್ರಮಾಣಪತ್ರದಲ್ಲಿ ನಮೂದಾದ ಉತ್ಪನ್ನಗಳಿಗೆ ಮಾತ್ರ ಲಾಂಛನ ಬಳಸಬಹುದು. ಬೆಲ್ಲದ ಪುಡಿಗೆ ಪಡೆದ ಲಾಂಛನವನ್ನು ಶೇಂಗಾ ಚಿಕ್ಕಿಯ ಪೊಟ್ಟಣಕ್ಕೆ ಅಂಟಿಸಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಹೊಸ ಒಳಸುರಿ, ಹೊಸ ಪೂರೈಕೆದಾರ, ಹೊಸ ಜಾಗ ಈ ಮೂರರಲ್ಲಿ ಯಾವುದು ಬದಲಾದರೂ ಸಂಸ್ಥೆಗೆ ಮೊದಲು ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಲೇಬಲ್ ಮುದ್ರಿಸುವಾಗ ಇನ್ನೊಂದು ವಿಷಯ: ‘ಕೊಲ್ಲಾಪುರ ಬೆಲ್ಲ’ ಎಂಬುದು 2014ರಲ್ಲಿ ಭೌಗೋಳಿಕ ಸೂಚಿಯಾಗಿ ನೋಂದಾಯಿತವಾದ ಹೆಸರು. ಗಡಿಯಿಂದ ಕೂಗಳತೆಯಲ್ಲಿದ್ದೇವೆಂಬ ಕಾರಣಕ್ಕೆ ನಿಪ್ಪಾಣಿ, ಚಿಕ್ಕೋಡಿಯ ಘಟಕಗಳು ಆ ಹೆಸರನ್ನು ತಮ್ಮ ಪೊಟ್ಟಣದ ಮೇಲೆ ಬಳಸುವಂತಿಲ್ಲ. ಊರಿನ ಮತ್ತು ತಾಲ್ಲೂಕಿನ ಹೆಸರನ್ನೇ ಹಾಕಿ, ಅದರ ಪಕ್ಕದಲ್ಲಿ ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕವನ್ನು ಅಳಿಸಿಹೋಗದ ಶಾಯಿಯಲ್ಲಿ ಮುದ್ರಿಸಬೇಕು.